ಬಿಸಿಲಿಗೆ ಎಂಟು ಕುರ್ಚಿ

ರೊವೀಗೊ, ಜನವರಿ ೮

ಪ್ರೀತಿಯ ಒತಿಲಿಯಾ ಅವರಿಗೆ,

ನಮ್ಮ ಚರ್ಚಿನ ಹಾಡುಗಾರರ ತಂಡ ಈ ಫೆಬ್ರವರಿಯಲ್ಲೂ ಸ್ಕೀ ಪ್ರವಾಸಕ್ಕೆ ಬೆಟ್ಟದ ಮೇಲಿನ ನಿಮ್ಮ ಮನೆಗೇ ಬರುತ್ತಿದೆ. ಎಂದಿನಂತೆ ಎಂಟು ಹಾಸಿಗೆ, ಜಗಲಿಯಲ್ಲಿ ಬಿಸಿಲಿಗೆ ಎಂಟು ಕುರ್ಚಿ, ದಿನವೂ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ.

ಹದಿನಾಲ್ಕು ವರ್ಷದಲ್ಲಿ ನಮ್ಮಲ್ಲಿ ಒಬ್ಬರೂ ಕಾಲಿಗೆ ಸ್ಕೀ ಕಟ್ಟಿ ಹಿಮದ ಮೇಲೆ ಜಾರಿಲ್ಲವೆಂಬುದು ನಿಮಗೊಬ್ಬರಿಗೇ ಗೊತ್ತು. ಸ್ಕೀ ಕನ್ನಡಕ ಹಾಕಿಕೊಂಡು ಬಿಸಿಲಿಗೆ ಕೂತರೆ ಕಣ್ಣಿನ ಸುತ್ತ ಬಿಳಿ, ಉಳಿದ ಮುಖವೆಲ್ಲ ಕೆಂಪು. ಊರಿನವರಿಗೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಆದರೆ ಈ ಸಲ ನಮ್ಮ ಹೊಸ ಪಾದ್ರಿ ಫಾದರ್ ಫಿಯೊರೆಂತ್ಸೊ, "ನಾನೂ ಬರ್ತೀನಿ" ಅಂದುಬಿಟ್ಟರು. ಅವರು ಬೆಟ್ಟದ ಕಡೆಯವರು, ಸ್ಕೀಯಲ್ಲಿ ಪದಕ ಗೆದ್ದವರು ಎಂದು ಊರೆಲ್ಲ ಸುದ್ದಿ. ನನ್ನ ಗಂಡ ಗಸ್ತೋನೆ, "ಸ್ಕೀ ಮಾಡ್ತೀವಿ ಅಂತ ಊರೆಲ್ಲ ಬಡಾಯಿ ಕೊಚ್ಚಿದವಳು ನೀನು ತಾನೆ? ಹೋಗಿ ನೀನೇ ಒಪ್ಪಿಕೋ" ಅಂದರು.

ಶನಿವಾರ ಚರ್ಚಿಗೆ, ಫಾದರ್ ಬಳಿ ಪಾಪನಿವೇದನೆಗೆ ಹೋದೆ. ಜಾಲರಿಯ ಈಚೆ ಮಂಡಿಯೂರಿ ಹದಿನಾಲ್ಕು ವರ್ಷದ ಸುಳ್ಳನ್ನೂ ಹೇಳಿಬಿಟ್ಟೆ. ಆಚೆಯಿಂದ ಫಾದರ್ ಜಾಲರಿಯ ಹತ್ತಿರಕ್ಕೆ ಬಾಗಿದರು. ಆಮೇಲೆ ಪಿಸುಗುಟ್ಟಿದರು: "ಅಮ್ಮಾ, ಆ ಕನ್ನಡಕ ಎಲ್ಲಿ ಸಿಗತ್ತೆ?"

ಆದ್ದರಿಂದ ದಯವಿಟ್ಟು ಒಂಬತ್ತು ಕುರ್ಚಿ ಹಾಕಿಸಿ. ಅವರದಕ್ಕೆ ಬಿಸಿಲು ಚೆನ್ನಾಗಿ ಬೀಳಲಿ. ನಾವು ಊರಿನವರನ್ನು ನಂಬಿಸಿದರೆ ಸಾಕು. ಪಾಪ, ಅವರು ಪದಕದ ಸುಳ್ಳನ್ನು ಬಿಷಪ್ಪರಿಗೇ ಹೇಳಿಕೊಂಡಿದ್ದಾರಂತೆ.

ನಿಮ್ಮ,
ನೀವೆಸ್ ಬ್ರಗಾತೊ