ಎಡಕ್ಕೆ ಪ್ಲಸ್

ಜೂನ್ 3, ಮಂಗಳವಾರ

ಇವತ್ತೂ ಮೂವತ್ತು ಪುಸ್ತಕಕ್ಕೆ ನಂಬರ್ ಅಂಟಿಸಿದೆ. ಅಪ್ಪ ಫಿಸಿಕ್ಸ್ ಕಲಿಸುತ್ತಿದ್ದ ಶಾಲೆಯಲ್ಲೇ ಲೈಬ್ರರಿ ಕೆಲಸ. ಸಾಹಿತ್ಯ ಓದಿದವರಿಗೆ ಇಷ್ಟಾದರೂ ಸಿಕ್ಕಿತಲ್ಲ. ಅಪ್ಪ ಹೋಗಿ ವರ್ಷವಾಯಿತು. ಅವರ ಕ್ಲಾಸಿನ ಬೋರ್ಡಿನ ಮೇಲೆ ಬಿಳಿ ಪೇಂಟಿನ ಬಾಣ ಹಾಗೇ ಇದೆ, ಬಲಕ್ಕೆ. ಆ ಕಡೆ ಪ್ಲಸ್. ಅಲ್ಲಿ ಅದೇ ಕಾನೂನು.

ಮನೆಯಲ್ಲೂ ಅದೇ. ಭಾನುವಾರ ಪ್ಯಾಸೇಜಿನ ಗೋಡೆಗೆ ರಬ್ಬರ್ ಚೆಂಡು ಎಸೆಯುತ್ತಿದ್ದರು. ಹೋಗುವಾಗ ನಾನು "ಪ್ಲಸ್!" ಎಂದು ಕೂಗಬೇಕು, ಬರುವಾಗ "ಮೈನಸ್!"

"ಆರರಲ್ಲಿ ಹೋಯ್ತು, ನಾಲ್ಕರಲ್ಲಿ ಬಂತು. ವೇಗ ಬದಲಾಗಿದ್ದೆಷ್ಟು?"

ಎರಡು ಅಂದರೆ ತಲೆ ಚಚ್ಚಿಕೊಳ್ಳುತ್ತಿದ್ದರು. "ತಿರುಗಿ ಬಂತಲ್ಲ ಮಗಾ! ಮೈನಸ್ ಹತ್ತು!"

ಅಡುಗೆಮನೆಯಿಂದ ಅಮ್ಮ: "ಗಾರೆ ಬಿದ್ರೆ ಅದು ಪ್ಲಸ್ಸೋ ಮೈನಸ್ಸೋ?"

ಜೂನ್ 5, ಗುರುವಾರ, ಮಧ್ಯಾಹ್ನ

ಲ್ಯಾಬ್ ಅಟೆಂಡರ್ ಅಣ್ಣನ ಜೊತೆ ಊಟ. ಅಪ್ಪನ ಹಳೇ ವಿದ್ಯಾರ್ಥಿ. ಅಂದು ಫೇಲಾದ ಫಿಸಿಕ್ಸ್ ಪರೀಕ್ಷೆ ಮತ್ತೆ ಕಟ್ಟಿ ಪಾಸು ಮಾಡಿದರೆ ಲ್ಯಾಬ್ ಅಸಿಸ್ಟೆಂಟ್ ಆಗಬಹುದು. ಫಾರ್ಮಿಗೆ ಹದಿನಾಲ್ಕನೇ ತಾರೀಖು ಕೊನೆ ದಿನ.

"ಕಟ್ಟಲ್ವಾ?"

"ಅಯ್ಯೋ ಪುಟ್ಟ ಮೇಷ್ಟ್ರೇ, ಈ ತಲೇಲಿರೋದು ಬರೀ ಮಣ್ಣು. ಪ್ಲಸ್ಸು ಮೈನಸ್ಸು ಗೊತ್ತಾಗ್ದೆ ಎರಡು ಮಾರ್ಕಲ್ಲಿ ಫೇಲಾದೋನು. ನಿಮ್ಮಪ್ಪ ಹಾಕಿದ ಮಾರ್ಕು ಸುಳ್ಳಾಗುತ್ತಾ? ದೇವ್ರಂಥೋರು."

ಜೂನ್ 11, ಬುಧವಾರ

ಅಪ್ಪನ ಟ್ರಂಕಿನ ತಳದಲ್ಲಿ ಒಂದೇ ಒಂದು ಉತ್ತರಪತ್ರಿಕೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ... ಅಟೆಂಡರ್ ಅಣ್ಣನದು.

ಅರ್ಧ ಕಿಲೋ ಚೆಂಡು. ಬಲಗಡೆ ಗೋಡೆಗೆ ಆರರಲ್ಲಿ ಬಡಿದು ನಾಲ್ಕರಲ್ಲಿ ವಾಪಸ್. ಸಂವೇಗದ ಬದಲಾವಣೆ? ಅವನ ಮೊದಲ ಸಾಲು: ಎಡಕ್ಕೆ ಪ್ಲಸ್ ಎಂದು ಇಟ್ಟುಕೊಂಡಿದ್ದೇನೆ. ಉತ್ತರ, ಪ್ಲಸ್ ಐದು. ಅಪ್ಪನ ಕೆಂಪು ಕಾಟು. ಎರಡಕ್ಕೆ ಸೊನ್ನೆ.

ನಾನೇ ಮಾಡಿ ನೋಡಿದೆ. ಬಲ ಪ್ಲಸ್ ಆದರೆ ಮೈನಸ್ ಐದು, ಎಡ ಪ್ಲಸ್ ಆದರೆ ಪ್ಲಸ್ ಐದು. ಮೊದಲೇ ಹೇಳಿ ಕೊನೆಯವರೆಗೂ ಅದಕ್ಕೇ ನಿಂತರೆ ಎರಡೂ ಸರಿ.

ಕೆಳಗೆ ಪೆನ್ಸಿಲ್ಲಿನಲ್ಲಿ ಅಪ್ಪನ ಅಕ್ಷರ: "ಮೊದಲ ಸಾಲು ಓದಲಿಲ್ಲ. ಹುಡುಗನದು ಸರಿ." ತಾರೀಖು — ರಿಸಲ್ಟ್ ಬಂದು ಒಂದು ತಿಂಗಳ ಮೇಲೆ.

ಅಮ್ಮನಿಗೆ ತೋರಿಸಿದೆ. ಮತ್ತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು. "ಹೋದೋರನ್ನ ಯಾಕೆ ಕೆದಕ್ತೀಯಾ? ಇಟ್ಬಿಡು."

ಜೂನ್ 13, ಶುಕ್ರವಾರ

ಉತ್ತರಪತ್ರಿಕೆ ಬ್ಯಾಗಿನಲ್ಲೇ ಉಳಿಯಿತು. ಲ್ಯಾಬಿಗೆ ಹೋದಾಗ ಅವನು ಅಪ್ಪನ ಫೋಟೋ ಒರೆಸುತ್ತಿದ್ದ. ಬ್ಯಾಗಿನ ಜಿಪ್ ಎಳೆದು ವಾಪಸ್ ಬಂದೆ. ಅವನ ಮನಸ್ಸಿನಲ್ಲಿರುವ ಅಪ್ಪನೂ ನನಗೆ ಬೇಕು.

ಜೂನ್ 14, ಶನಿವಾರ, ಹನ್ನೊಂದು ಗಂಟೆ

ಲ್ಯಾಬಿಗೆ ಹೋಗಿ ಉತ್ತರಪತ್ರಿಕೆ ಕೊಟ್ಟೆ. ಫಾರ್ಮನ್ನೂ.

ನಿಂತೇ ಓದಿದ. ತನ್ನ ಸಾಲಿನ ಮೇಲೆ ಬೆರಳಾಡಿಸಿದ. "ಬರ್ದಿದ್ದೀನಿ ನೋಡಿ! ನಾನೇ!" ನಕ್ಕ. ಪೆನ್ಸಿಲ್ ಅಕ್ಷರ ಕಂಡಿತು. ನಗು ನಿಂತಿತು.

"ಮೇಷ್ಟ್ರಿಗೆ ಗೊತ್ತಿತ್ತಾ?"

ಸುಳ್ಳು ಹೇಳಬಹುದಿತ್ತು. "ಗೊತ್ತಿತ್ತು."

ಸ್ಟೂಲ್ ಎಳೆದು ಕೂತ. ಫಾರ್ಮಿನಲ್ಲಿ ಹೆಸರು ಬರೆಯತೊಡಗಿದ, ಒಂದೊಂದೇ ಅಕ್ಷರ. ತಲೆ ಎತ್ತದೆ ಕೇಳಿದ: "ಹನ್ನೊಂದು ವರ್ಷ ದಿನಾ ಇದೇ ಬಾಗಿಲಲ್ಲಿ ಬರ್ತಿದ್ರು. ಒಂದ್ಸಲ ಹೇಳ್ಬಹುದಿತ್ತಲ್ವಾ?"

ಅಪ್ಪನಿಗೆ ನಿನ್ನ ಕಂಡರೆ ಹೆದರಿಕೆಯಿತ್ತು ಅನ್ನಬೇಕು ಅಂದುಕೊಂಡೆ. ಅಂದದ್ದು ಇಷ್ಟೇ: "ಹೇಳ್ಬೇಕಿತ್ತು ಅಣ್ಣಾ, ತಪ್ಪು ಅಪ್ಪಂದೇ."