ಬೀರಣ್ಣನಿಗೆ ಕಳಿಸಿದ ಎದೆಯ ಫೋಟೊ

ಯಾದಗಿರಿ,
೧೮ ನವೆಂಬರ್ ೧೯೪೮

ಸಿಟ್ಟಿನ ತಮ್ಮ ಬೀರಣ್ಣನಿಗೆ, ಬದುಕಿರುವ ಅಣ್ಣ ಅಂಬಣ್ಣನ ಆಶೀರ್ವಾದ.

ಮೈಯಲ್ಲಿ ಹುಷಾರಿದ್ದೀಯಾ? ಹೊಟ್ಟೆಗೆ ಏನಾದರೂ ಹಾಕಿಕೊಳ್ಳುತ್ತೀಯೋ, ಹತ್ತಿಕುಣಿಯಲ್ಲಿ ಕೂತು ಕೊಡಲಿ ಮಸೆಯುವುದೇ ಊಟವಾಗಿದೆಯೋ? ನನಗೆ ಎಡಗೈ ಎತ್ತಲು ಬರುವುದಿಲ್ಲ. ಕೆಮ್ಮಿದರೆ ರಕ್ತ ಬರುತ್ತದೆ, ನಾನು ಕೆಮ್ಮಿದಾಗಲೆಲ್ಲ ನಿನ್ನ ಅತ್ತಿಗೆ ರೇಣಮ್ಮ ಅಳುತ್ತಾಳೆ. ಮಿಕ್ಕಂತೆ ಕ್ಷೇಮ.

ಮೊನ್ನೆ ರೈಲಿನಲ್ಲಿ ರಾಯಚೂರಿಗೆ ಹೋಗಿ ಎಕ್ಸ್‌ರೇ ತೆಗೆಸಿದೆವು. ತಣ್ಣನೆಯ ಹಲಗೆಗೆ ಬರಿಮೈ ಒತ್ತಿ ನಿಲ್ಲಿಸಿ, "ದಮ್ ಹಿಡೀರಿ ಮಾಸ್ತರ, ಅಳ್ಳಾಡಬ್ಯಾಡ್ರಿ" ಎಂದರು. ಆಮೇಲೆ ಡಾಕ್ಟರು ಫೋಟೊವನ್ನು ದೀಪಕ್ಕೆ ಹಿಡಿದು ವಿವರಿಸಿದರು. ಕಿರಣ ಗಾಳಿಯನ್ನು ಸಲೀಸಾಗಿ ದಾಟುತ್ತದೆ, ಅದಕ್ಕೇ ಪುಪ್ಪುಸ ಕಪ್ಪು. ಎಲುಬು ತಡೆಯುತ್ತದೆ, ಅದು ಬಿಳಿ. ಲೋಹ ಸ್ವಲ್ಪವೂ ಬಿಡುವುದಿಲ್ಲ, ಎಲುಬಿಗಿಂತ ಬೆಳ್ಳಗೆ. ಹೃದಯದ ನೆರಳಿನ ಮೇಲೆಯೇ ಮೂರು ಬಿಳಿ ತುಂಡು ಕಂಡು ರೇಣಮ್ಮ ತಾಳಿ ಹಿಡಿದುಕೊಂಡಳು. ಎದುರಿನಿಂದ ತೆಗೆದರೆ ಎದೆಯ ನೆರಳೂ ಬೆನ್ನಿನ ನೆರಳೂ ಒಂದರ ಮೇಲೊಂದು ಬೀಳುತ್ತವಂತೆ. ಮಗ್ಗುಲಿನಿಂದ ಇನ್ನೊಂದು ತೆಗೆದಾಗ ತುಂಡುಗಳು ಹೃದಯದಿಂದ ನಾಲ್ಕು ಬೆರಳು ಹಿಂದೆ ಕಂಡವು.

"ಇದು ರೈಫಲ್ ಗುಂಡ ಅಲ್ರಿ. ಯಾವುದೋ ಸಾಮಾನಿನ ಚೂರು ತುಂಬಿ ಹೊಡದಾರ" ಎಂದರು ಡಾಕ್ಟರು. ಒಂದು ಚೂರಿನಲ್ಲಿ ಕೊಂಡಿಯ ತೂತು ಇನ್ನೂ ಇದೆ. ಲೇ ಬೀರಣ್ಣ, ತೋಳ ಹೊಡೆಯಲು ಒಡೆದ ಕುರಿಗಂಟೆ ಕುಟ್ಟಿ ಬಂದೂಕಿಗೆ ತುಂಬುವವನು ನಮ್ಮೂರು ಮುದನಾಳದಲ್ಲೆಲ್ಲ ನೀನೊಬ್ಬನೇ.

ರಜಾಕಾರರು ಹಟ್ಟಿಗೆ ಬೆಂಕಿ ಇಟ್ಟ ಆ ಮಟಮಟ ಮಧ್ಯಾಹ್ನ ಕುರಿಗಳು ಉರಿಯುತ್ತ ಓಡಿದವು. ಹೊಗೆಯಲ್ಲಿ ನೀನು ಯಾರಿಗೋ ಗುರಿ ಇಟ್ಟೆ, ಬಿದ್ದವನು ನಾನು. ಎತ್ತಲು ಓಡಿಬಂದವನು ನಮ್ಮೂರ ದಾವಲಬೀಯ ಮಗ ಮೌಲಾಲಿ. ಅವನ ಕೈತುಂಬ ನನ್ನ ರಕ್ತ ಕಂಡು "ಅಣ್ಣಗ ಹೊಡದಾಂವ ಇವನ" ಎಂದು ನೀನು ಕೂಗಿದೆ. ನಾನೂ ನಂಬಿದೆ, ಬೆನ್ನಿಗೆ ಕಣ್ಣಿಲ್ಲವಲ್ಲ. ಮಿಲಿಟರಿ ಬಂದು ರಜಾಕಾರರು ಓಡಿದ ಮೇಲೆ ನೀವು ಹತ್ತು ಮಂದಿ ದಾವಲಬೀಯ ಮನೆ ಸುಟ್ಟಿರಿ. ಅಡ್ಡ ಬಂದ ಅವಳ ಗಂಡನನ್ನು ಕಲ್ಲಿನಿಂದ ಜಜ್ಜಿ ಕೊಂದಿರಿ. ಹಾಸಿಗೆಯಲ್ಲಿ ಅದನ್ನು ಕೇಳಿ ನಾನು ಸುಮ್ಮನಿದ್ದೆ, ನನಗೂ ಧಿಕ್ಕಾರವಿರಲಿ. ಈಗ ಮೌಲಾಲಿಯನ್ನು ಹುಡುಕುತ್ತ ಶಹಾಪುರದವರೆಗೂ ಹೋಗಿಬಂದಿದ್ದೀಯಂತೆ. ಅವನ ಕೂದಲು ಕೊಂಕಿದರೆ ನನ್ನ ಹೆಣಕ್ಕೂ ನೀನು ಹೆಗಲು ಕೊಡಬಾರದು.

ಕೊಡಲಿ ಬಿಟ್ಟು ಮನೆಗೆ ಬಾ. ಅವ್ವ ಮಲಕಮ್ಮ ದಿನಾ ನಿನ್ನ ಹೆಸರು ಹಿಡಿದು ಬೈಯುತ್ತಾಳೆ, ದಿನಾ ನಿನಗೊಂದು ರೊಟ್ಟಿ ತೆಗೆದಿಡುತ್ತಾಳೆ.

ನಿನ್ನ ಅಣ್ಣ,
ಅಂಬಣ್ಣ ಮಾಸ್ತರ

ತಾ.ಕ. ಮಲ್ಕಪ್ಪ ಕಾಕಾನ ಕೈಯಲ್ಲಿ ಕಳಿಸೋಣವೆಂದರೆ ನಿಮ್ಮ ಗುಂಪಿಗೆ ಹೆದರಿ ಒಲ್ಲೆನೆಂದ. ಈ ಕಾಗದ, ಫೋಟೊ ತಂದು ನಿನ್ನೆದುರು ನಿಂತವಳು ದಾವಲಬೀ. ಅವಳಿಗೆ ಓದು ಬಾರದು. ಮಗನ ಜೀವ ತೆಗೆಯಬೇಡ ಎಂದು ನಾನು ಬೇಡಿಕೊಂಡಿದ್ದೇನೆ, ಅಷ್ಟೇ ಅಂದುಕೊಂಡಿದ್ದಾಳೆ. "ಫೋಟೊದಾಗ ಏನೈತಿ ಮಾಸ್ತರ?" ಎಂದು ಕೇಳಿದಳು, ಹೇಳುವ ಬದಲು ಈ ಸಾಲು ಬರೆಯುತ್ತಿದ್ದೇನೆ. ನಿನ್ನ ಕಾಲಿಗೆ ಬೀಳಲು ಬಗ್ಗುತ್ತಾಳೆ, ಬೀಳಗೊಡಬೇಡ. ಫೋಟೊವನ್ನು ಬಿಸಿಲಿಗೆ ಹಿಡಿದು, ಅದರಲ್ಲಿ ಏನಿದೆ ಎಂದು ಅವಳಿಗೆ ನೀನೇ ಹೇಳು.