ಹೆಸರಿಲ್ಲದ ಮೂವತ್ತೊಂದು ತುಂಡು

ಭಾನುವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ

ನನ್ನ ಮೊಂಡಿಗೆ,

ನಿನ್ನ ಅಕ್ಕನ ಆಶೀರ್ವಾದ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದು ಮುಂದಕ್ಕೆ ಹೋಗುವುದು ವಾಡಿಕೆ. ಕ್ಷೇಮವಾಗಿಲ್ಲ, ಅದಕ್ಕೇ ಹಾಗೆ ಬರೆಯುತ್ತಿಲ್ಲ. ನಿನ್ನ ಭಾವನಿಗೆ ಸೊಂಟ ಹಿಡಿದುಕೊಂಡಿರುವುದು ಬಿಟ್ಟರೆ ಮನೆಯಲ್ಲಿ ಕಾಯಿಲೆ ಕಸಾಲೆ ಏನೂ ಇಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೇನೆ. ಸಾಮಾನಿನ ಪಟ್ಟಿ ಇಷ್ಟುದ್ದ ಯಾಕೆ ಅಂತ ನಿನ್ನ ಭಾವ ಆಗಲೇ ಎರಡು ಸಲ ಇಣುಕಿ ಹೋದರು.

ನಿನ್ನ ಕಾರ್ಡು ಬಂದು ಹದಿನೈದು ದಿನವಾಯಿತು. ನಾಲ್ಕೇ ಸಾಲು ಬರೆದಿದ್ದೀಯ. ಮೀನು ತುಂಬುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಇಡೀ ದಿನ ಐಸಿನಲ್ಲಿ ಕೈಯಿಟ್ಟು ಬೆರಳು ಮಡಚಲು ಬರುವುದಿಲ್ಲ, ಎಂಟು ಜನರ ಕೋಣೆಯಲ್ಲಿ ಒಂದು ಮಂಚ ಕೊಟ್ಟಿದ್ದಾರೆ. ಕೊನೆಯಲ್ಲಿ, ಹೆಸರು ಹೇಳಿದವರು ಯಾರೋ ನನಗೆ ಗೊತ್ತಿಲ್ಲ ಅಕ್ಕ, ನೀನಾದರೂ ನನ್ನನ್ನು ನಂಬು ಅಂತ. ಉತ್ತರ ಬರೆಯಲು ಪುರುಸೊತ್ತಾಗಲಿಲ್ಲ ಅಂದರೆ ಸುಳ್ಳು. ಕೈ ಬರಲಿಲ್ಲ.

ನಂಬುತ್ತೇನೆ ಪುಟ್ಟಾ. ನೀನು ಯಾರ ಹೆಸರನ್ನೂ ಹೇಳಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಹೇಗೆ ಗೊತ್ತು ಎಂದು ಬರೆಯುವುದಕ್ಕೇ ಇವತ್ತು ನಿಂತಿದ್ದೇನೆ. ನಡುನಡುವೆ ಬೇರೆ ಮಾತು ಎತ್ತಿದರೆ ಬೈದುಕೊಂಡು ಓದು. ಹೆದರಿಕೆಯಾದಾಗ ನನ್ನ ಬಾಯಿ ಸುತ್ತು ಹಾಕುತ್ತದೆ, ಅದು ನಿನಗೆ ಹೊಸದಲ್ಲ.

ಮೊದಲು ನಿನ್ನನ್ನೇ ಬೈದುಬಿಡುತ್ತೇನೆ. ಎರಡು ವರ್ಷದ ಹಿಂದೆ ನಮ್ಮ ಬಟ್ಟೆ ಕಾರ್ಖಾನೆಯಲ್ಲಿ ಕಾಗದದ ಮೇಲೆ ಮನವಿ ಬರೆದು ಸಹಿ ಹಾಕಿಕೊಟ್ಟಾಗ, ಮೇಲಿನ ಐದು ಸಹಿಯವರನ್ನು ವಾರದೊಳಗೆ ಹೊರಗೆ ಹಾಕಿದರು. ಅದನ್ನು ಕಣ್ಣಾರೆ ನೋಡಿದವಳು ನೀನು. ಸುಮ್ಮನಿರಬೇಕಿತ್ತು. ಸುಮ್ಮನಿರುವ ಜಾತಕ ನಿನ್ನದಲ್ಲ. ಕಾಗದ ಬೇಡ, ಬಟ್ಟೆ ಮಾಡೋಣ ಅಂದೆ. ಕಟಿಂಗ್ ಮೇಜಿನ ಕೆಳಗೆ ಬೀಳುವ ಚೂರುಗಳಲ್ಲಿ ಅಂಗೈಯಗಲ ಒಂದೊಂದು ತುಂಡು, ಒಬ್ಬೊಬ್ಬಳೂ ತನಗೆ ಬೇಕಾದ್ದನ್ನು ಅದರ ಮೇಲೆ ಹೊಲಿಯುವುದು, ಹೆಸರು ಹಾಕುವ ಹಾಗಿಲ್ಲ. ಅಕ್ಷರ ಆದರೆ ಕೈಬರಹ ಹಿಡಿದಾರು, ಹೊಲಿಗೆಯಲ್ಲಿ ಏನು ಹಿಡಿಯುತ್ತಾರೆ, ಬಟ್ಟೆ ಬಾಯಿ ಬಿಡುತ್ತಾ ಅಕ್ಕ ಅಂತ ನನ್ನ ಮುಂದೆಯೇ ನಕ್ಕೆ. ನನ್ನ ಹತ್ತಿರವೂ ಒಂದು ತುಂಡು ಕೇಳಿದೆ. ನಾನು ಚೆಕ್ಕಿಂಗಿನವಳು, ಮಷೀನು ಬಿಟ್ಟು ಯಾವ ಕಾಲವಾಯಿತು, ಕೈ ಕೂರುವುದಿಲ್ಲ ಅಂದೆ. ಕೈ ಚೆನ್ನಾಗಿಯೇ ಕೂರುತ್ತಿತ್ತು. ಪುಕ್ಕಲು.

ಹೊಲಿಗೆಯಲ್ಲಿ ಏನು ಹಿಡಿಯುತ್ತಾರೆ ಅಂತ ಕೇಳಿದೆಯಲ್ಲ. ಹತ್ತೊಂಬತ್ತು ವರ್ಷದಿಂದ ಆ ಚೆಕ್ಕಿಂಗ್ ಟೇಬಲ್ಲಿನ ಹತ್ತಿರ ನಿಂತು ನಾನು ಮಾಡುತ್ತಿರುವುದು ಅದೊಂದೇ ಕೆಲಸ. ಅಂಗಿಯನ್ನು ಮಗುಚಿ ಹೊಲಿಗೆಯ ಹಿಂಬದಿ ನೋಡಿದರೆ ಸಾಕು, ಹೊಲಿದವಳ ನಂಬರಿನ ಚೀಟಿ ಓದಬೇಕಾಗಿಲ್ಲ. ಒಬ್ಬಳು ದಾರ ಬಿಗಿ ಹಿಡಿಯುತ್ತಾಳೆ, ಬಟ್ಟೆ ಸುಕ್ಕಾಗುತ್ತದೆ. ಒಬ್ಬಳಿಗೆ ಎಡಗೈ ಅಭ್ಯಾಸ. ಇನ್ನೊಬ್ಬಳಿಗೆ ತಾನು ಹೊಲಿದದ್ದು ಬಿಚ್ಚಿಹೋದೀತು ಎಂದು ಯಾವಾಗಲೂ ಭಯ, ಕೊನೆಯಲ್ಲಿ ಮೂರು ಮೂರು ಸಲ ಹಿಂದಕ್ಕೆ ಹೊಲಿಯುತ್ತಾಳೆ. ಹೆತ್ತವಳಿಗೆ ಮಕ್ಕಳ ಅಳು ಗೊತ್ತಾದ ಹಾಗೆ ನನಗೆ ನಿಮ್ಮೆಲ್ಲರ ಹೊಲಿಗೆ ಗೊತ್ತು. ಕೆಟ್ಟ ಹೊಲಿಗೆ ಸಿಕ್ಕಿದರೆ ಸೂಪರ್‌ವೈಸರ್ ಬರುವಷ್ಟರಲ್ಲಿ ಸದ್ದಿಲ್ಲದೆ ಅವಳ ಮಷೀನಿಗೇ ವಾಪಸು ಕಳಿಸುತ್ತಿದ್ದೆ. ಲೈನಿನಲ್ಲಿ ಎಲ್ಲರೂ ನನ್ನನ್ನು ಅಕ್ಕ ಎನ್ನುತ್ತಿದ್ದುದು ಅದಕ್ಕೇ.

ಆ ಸೋಮವಾರ ಬೆಳಿಗ್ಗೆ ಗೇಟಿನ ಕಂಬಿಗೆ ನಿಮ್ಮ ಬಟ್ಟೆ ಕಟ್ಟಿದ್ದು ನೋಡಿ ನನಗೆ ಅಳು ಬಂತು. ಇದನ್ನು ನಿನಗೆ ಹೇಳಿರಲಿಲ್ಲ. ಮೂವತ್ತೊಂದು ತುಂಡು, ಒಂದಕ್ಕೊಂದು ಸೇರಿಸಿ ಹೊಲಿದದ್ದು. ಕಟಿಂಗಿನ ಗಂಡಸರಿಗೆ ಕೊಡುವಷ್ಟೇ ನಮಗೂ ಕೊಡಿ. ಕಕ್ಕಸಿಗೆ ಹೋಗಲು ಚೀಟಿ ಕೇಳಬೇಡಿ. ಬಸುರಿಯರನ್ನು ಕೆಲಸದಿಂದ ತೆಗೆಯಬೇಡಿ. ಬಾಬಿನ್ನಿಗೆ ದಾರ ಸುತ್ತುವ ಅಜ್ಜಿ ಕಣ್ಣು ಕಾಣದಿದ್ದರೂ ದಪ್ಪ ದಾರದಲ್ಲಿ ಕೈಯಲ್ಲೇ ಹೊಲಿದಿದ್ದಳು, ಬೈಯಬೇಡಿ ಎಂದು ಒಂದೇ ಮಾತು. ನಟ್ಟನಡುವೆ ನಿನ್ನದು: ಕೆಲಸದ ಹೊತ್ತಿನಲ್ಲಿ ಹೊರಬಾಗಿಲಿಗೆ ಬೀಗ ಹಾಕಬೇಡಿ. ದಾರಿಹೋಕರು ನಿಂತು ಓದುತ್ತಿದ್ದರು. ಹತ್ತು ನಿಮಿಷದಲ್ಲಿ ವಾಚ್‌ಮನ್ ಅದನ್ನು ಬಿಚ್ಚಿ ಒಳಗೆ ಒಯ್ದ.

ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆಸಿದ. ಮೇಜಿನ ಮೇಲೆ ಆ ಬಟ್ಟೆ ಹರಡಿತ್ತು. ಚೂರು ಬಟ್ಟೆಯೂ ಕಂಪನಿಯ ಆಸ್ತಿ, ಇದು ಕಳ್ಳತನ, ಪೊಲೀಸರಿಗೆ ಕೊಡುತ್ತೇನೆ, ಹೆಸರು ಸಿಗದಿದ್ದರೆ ಇಡೀ ಲೈನು ಮುಚ್ಚುತ್ತೇನೆ ಅಂದ. ನಿಮ್ಮ ಕಣ್ಣು ತಪ್ಪಿಸಿ ಈ ಕಾರ್ಖಾನೆಯಲ್ಲಿ ಒಂದು ಹೊಲಿಗೆ ಆಗಲ್ಲ ಅಂತ ನನಗೆ ಗೊತ್ತು ಎಂದು ಹೊಗಳಿದ. ಅಷ್ಟರಲ್ಲಿ ಫೋನು ಬಂತು, ಮಾತಾಡುತ್ತಾ ಹೊರಗೆ ಹೋದ.

ನನಗೆ ಕಂಡದ್ದು ನಿನ್ನ ತುಂಡು ಒಂದೇ. ನಿನ್ನನ್ನು ಎಳೆದುಕೊಂಡು ಹೋಗುತ್ತಾರೆ ಎನ್ನುವುದು ಬಿಟ್ಟರೆ ತಲೆಗೆ ಬೇರೇನೂ ಹೊಳೆಯಲಿಲ್ಲ. ಅಮ್ಮ ಹೋದಾಗ ನಿನಗೆ ಐದು ವರ್ಷ, ನಿನ್ನ ತಲೆ ಬಾಚಿ ಬೆಳೆಸಿದವಳು ನಾನು. ಕೊರಳಲ್ಲಿ ದಾರ ಕತ್ತರಿಸುವ ಕತ್ತರಿ ಇತ್ತು. ನಾಲ್ಕೂ ಅಂಚಿನ ಹೊಲಿಗೆ ಬಿಚ್ಚಿ ನಿನ್ನ ತುಂಡನ್ನು ರವಿಕೆಯೊಳಗೆ ಹಾಕಿಕೊಂಡೆ. ಅವನು ವಾಪಸು ಬಂದಾಗ ನಡುವೆ ತೂತಿತ್ತು. ಅವನು ಮೊದಲು ಸರಿಯಾಗಿ ನೋಡಿರಲಿಲ್ಲ, ಎಣಿಸಿರಲಿಲ್ಲ, ವಾಚ್‌ಮನ್ ಬಿಚ್ಚುವಾಗ ಹರಿದಿರಬೇಕು ಅಂದುಕೊಂಡ.

ಇಷ್ಟೇ ಮಾಡಿದ್ದರೆ ಇವತ್ತು ಈ ಪತ್ರ ಬರೆಯಬೇಕಾಗಿರಲಿಲ್ಲ.

ಹೆಸರು ಹೇಳಿದವಳು ನಾನು. ಬರೆದೆ ನೋಡು.

ಆರು ಹೆಸರು ಸಾಕು, ಮೇಲಿನವರು ಆರಕ್ಕೆ ಸಮಾಧಾನ ಆಗುತ್ತಾರೆ, ಉಳಿದವರ ತಂಟೆಗೆ ಹೋಗುವುದಿಲ್ಲ ಅಂದ ಮ್ಯಾನೇಜರ್. ಬೆರಳಿಟ್ಟು ತೋರಿಸುತ್ತಾ ಹೋದೆ. ಅವನು ಬರೆದುಕೊಂಡ. ಹೊಡೆಯಲಿಲ್ಲ, ಬಡಿಯಲಿಲ್ಲ, ಬಾಗಿಲು ತೆರೆದೇ ಇತ್ತು. ಟೀ ತರಿಸಿಕೊಟ್ಟ. ಕುಡಿದೆ. ಕೊನೆಗೆ, ಇದನ್ನು ಶುರು ಮಾಡಿದವರು ಯಾರು ಅಂತ ಕೇಳಿದ. ಅವನ ಕಣ್ಣು ಆ ತೂತಿನ ಮೇಲಿತ್ತೋ, ನನಗೆ ಹಾಗೆ ಅನಿಸಿತೋ. ಬಾಬಿನ್ ಅಜ್ಜಿ ಅಂದುಬಿಟ್ಟೆ. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ, ಇನ್ನೊಂದು ವರ್ಷಕ್ಕೆ ಹೇಗೂ ಮನೆಗೆ ಕಳಿಸುತ್ತಿದ್ದರು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಎಂಥ ಪಾಪಿ ನಾನು.

ಆರು ಜನರನ್ನೂ ಕೆಲಸದಿಂದ ತೆಗೆದದ್ದು, ಅಜ್ಜಿಯನ್ನು ಎರಡು ದಿನ ಠಾಣೆಯ ಬೆಂಚಿನ ಮೇಲೆ ಕೂರಿಸಿದ್ದು ನಿನಗೆ ಗೊತ್ತು. ವಾಪಸು ಬಂದಾಗ ಪಾದ ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ಉಳಿದ ಐವರ ಪೈಕಿ ಕಾಲರ್ ಹೊಲಿಯುವವಳಿಗೆ ಈಗ ಏಳು ತಿಂಗಳು. ಕಳ್ಳತನದ ಕೇಸಿನವಳು ಅಂತ ಯಾವ ಕಾರ್ಖಾನೆಯವರೂ ಗೇಟಿನೊಳಗೆ ಬಿಡುತ್ತಿಲ್ಲ. ಹೊಟ್ಟೆ ಹೊತ್ತುಕೊಂಡು ಬೆಳಿಗ್ಗೆ ಎದ್ದು ಒಂದೊಂದೇ ಗೇಟು ಸುತ್ತುತ್ತಾಳೆ.

ನಿನಗೆ ಏನಾಯಿತು ಎಂದು ನಾನು ಯೋಚಿಸಲೇ ಇಲ್ಲ. ನಿನ್ನನ್ನು ಉಳಿಸಿದೆ ಅಂದುಕೊಂಡಿದ್ದೆ. ಕಂಪನಿಯ ವಿಚಾರಣೆಯ ದಿನ ಆ ಬಟ್ಟೆಯನ್ನು ಎಲ್ಲರ ಮುಂದೆ ಬಿಡಿಸಿ ಹಿಡಿದರಲ್ಲ, ಏನು ಮಾಡಿದೆನೆಂದು ಆಗ ತಿಳಿಯಿತು. ನಡುವಿನ ತುಂಡು ಯಾರದು ಎಂದು ಮೂವತ್ತು ಜನಕ್ಕೂ ಗೊತ್ತು. ತುಂಡುಗಳನ್ನು ಒಬ್ಬೊಬ್ಬರಿಂದ ಇಸಿದುಕೊಂಡವಳು ನೀನೊಬ್ಬಳೇ, ಯಾರದು ಯಾವುದು ಎಂದು ತಿಳಿದವಳೂ ನೀನೊಬ್ಬಳೇ. ನಿನ್ನದು ಮಾಯ, ನಿನಗೆ ನೋಟೀಸೂ ಇಲ್ಲ. ಅವರು ಇನ್ನೇನು ತಿಳಿಯಬೇಕು? ನಾನು ನಿನ್ನ ಪ್ರಾಣ ಉಳಿಸಲು ಹೋಗಿ ನಿನ್ನ ಮಾನ ತೆಗೆದೆ.

ಆಮೇಲೆ ಕ್ಯಾಂಟೀನಿನಲ್ಲಿ ನಿನ್ನ ಬೆಂಚು ಖಾಲಿಯಾದದ್ದು, ನೀನು ಎದ್ದು ನಿಂತು ಮಾತಾಡಲು ಹೋದರೆ ಎಲ್ಲರೂ ತಟ್ಟೆ ಬಡಿದದ್ದು, ನಾನು ದೂರದಲ್ಲಿ ನಿಂತು ತುಟಿ ಪಿಟಕ್ಕೆನ್ನದೆ ನೋಡಿದೆ. ಎಷ್ಟಕ್ಕೆ ಮಾರಿದೆ ಎಂದು ಹೊಲಿದ ತುಂಡನ್ನು ನಿನ್ನ ಮಷೀನಿನ ಮೇಲೆ ಇಟ್ಟಿದ್ದರಲ್ಲ, ಅದನ್ನು ನೀನು ನನಗೇ ತಂದು ತೋರಿಸಿದೆ. ಯಾರ ಹೊಲಿಗೆ ಎಂದು ನೋಡಿದ ಕೂಡಲೇ ಗೊತ್ತಾಯಿತು. ಗೊತ್ತಿಲ್ಲ ಅಂದೆ. ನೀನು ಒಂದು ಮಾತೂ ಹೇಳದೆ ಊರು ಬಿಟ್ಟ ದಿನ ನಿನ್ನ ಭಾವ ಬಸ್‌ಸ್ಟ್ಯಾಂಡಿನವರೆಗೂ ಓಡಿದರು. ನಾನು ಮನೆಯಲ್ಲೇ ಕೂತಿದ್ದೆ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ಮೊನ್ನೆ ಶುಕ್ರವಾರ ತಡೆಯಲಾಗಲಿಲ್ಲ. ಅವತ್ತಿನ ಕೆಲಸ ಮುಗಿಸಿದವಳೇ ಸೈಕಲ್ ಅಂಗಡಿಯ ಮೇಲಿನ ಕೆಲಸಗಾರರ ಸಂಘದ ಕೋಣೆಗೆ ಹೋದೆ. ಅಜ್ಜಿ, ಕಾಲರಿನವಳು, ಇನ್ನೂ ಹತ್ತು ಹನ್ನೆರಡು ಜನ ಚಾಪೆಯ ಮೇಲೆ ಕೂತಿದ್ದರು. ಹೇಳಿದವಳು ನಾನು, ನನ್ನ ತಂಗಿಯಲ್ಲ ಅಂದೆ. ನಿನ್ನ ತುಂಡನ್ನು ತೆಗೆದು ಚಾಪೆಯ ಮೇಲೆ ಇಟ್ಟೆ. ಅವರು ನಂಬಲಿಲ್ಲ ಕಣೇ. ನಿನ್ನ ತಂಗಿಯೇ ಕತ್ತರಿಸಿ ನಿನ್ನ ಕೈಯಲ್ಲಿ ಕೊಟ್ಟು ಹೋಗಿರುತ್ತಾಳೆ ಎಂದರು. ಅಜ್ಜಿ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅಕ್ಕಂಗೆ ಎಲ್ಲರ ಹೊಲಿಗೆ ಗೊತ್ತಾಗುತ್ತೆ, ಗೊತ್ತಾದ್ರೂ ಹೇಳೋಳಲ್ಲ ಅಂತ ನಾವು ಅವತ್ತೇ ಮಾತಾಡ್ಕೊಂಡಿದ್ವಿ, ಆ ಧೈರ್ಯದ ಮೇಲೇ ಹೊಲಿದದ್ದು, ಈಗ ತಂಗಿ ಮೇಲಿನ ಮಮತೆಗೆ ನೀನ್ಯಾಕೆ ತಲೆ ಕೊಡ್ತೀಯ ಅಂದಳು. ಕಾಲರಿನವಳು ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ವಾಸಿ ಇತ್ತು.

ಅದಕ್ಕೇ ಎಲ್ಲವನ್ನೂ ಬಿಡದೆ ಬರೆದಿದ್ದೇನೆ. ನನ್ನ ಬಾಯಿಮಾತು ನಂಬದವರು ನನ್ನ ಕೈಬರಹ ನಂಬಿಯಾರು. ಈ ಪತ್ರವನ್ನು ಹರಿಯಬೇಡ, ಸಿಟ್ಟಿಗೆ ಒಲೆಗೆ ಹಾಕಬೇಡ. ತೆಗೆದುಕೊಂಡು ಬಂದು ಸಂಘದ ಕೋಣೆಯಲ್ಲಿ ಎಲ್ಲರ ಮುಂದೆ ಓದಿಸು. ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೋ ಅಂತ ಕೇಳುವ ಮುಖ ನನಗಿಲ್ಲ. ನಿನ್ನ ಕೈಗೆ ಸ್ವಲ್ಪ ಎಣ್ಣೆ ಹಚ್ಚಿಕೊಂಡು ಮಲಗು. ಬೇಗ ಬಾ.

ಇಂತಿ,
ನಿನ್ನ ಅಕ್ಕ

ವಿ. ಸೂ: ಬುಧವಾರ. ಮೇಲಿನದನ್ನು ಬರೆದು ಮೂರು ದಿನವಾಯಿತು, ಅಂಚೆಗೆ ಹಾಕಿರಲಿಲ್ಲ. ಅವರು ನಂಬಲಿಲ್ಲ ಎಂದು ಬರೆದೆನಲ್ಲ, ಅದರಲ್ಲಿ ಒಂದು ಬಿಟ್ಟಿದ್ದೇನೆ. ಅಜ್ಜಿ ಅವತ್ತು ಇನ್ನೊಂದು ಸಲ ಕೇಳಿದಳು. ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ನನ್ನಾಣೆಗೂ ಹೇಳು, ನೀನಾ ಅವಳಾ ಅಂತ. ನಾನು ತಲೆ ತಗ್ಗಿಸಿ ಸುಮ್ಮನಿದ್ದೆ. ಇನ್ನೊಂದು ಮಾತು ಹೇಳಿದ್ದರೆ ನಂಬುತ್ತಿದ್ದರೇನೋ.

ಅಜ್ಜಿಯನ್ನೂ ಐವರನ್ನೂ ಕೆಲಸಕ್ಕೆ ವಾಪಸು ತೆಗೆದುಕೊಳ್ಳುವ ಬಗ್ಗೆ ಮಾತಾಡಲು ಕಂಪನಿಯವರು ಒಪ್ಪಿದ್ದಾರೆ. ನಮ್ಮ ಕಡೆಯಿಂದ ಒಬ್ಬರು ಬರಬೇಕಂತೆ. ನಿನ್ನೆ ಎಲ್ಲರೂ ಸೇರಿ ನನ್ನನ್ನು ಆರಿಸಿದರು. ಮ್ಯಾನೇಜರೂ ತಕ್ಷಣ ಆಗಲಿ ಅಂದ. ನಾನು ಬೇಡ ಎನ್ನಲಿಲ್ಲ. ನಾನು ಹೋದರೆ ಆರು ಜನರ ಅನ್ನಕ್ಕೆ ದಾರಿಯಾದೀತು, ಈ ಪತ್ರ ಈಗ ಹೊರಗೆ ಬಂದರೆ ಮಾತುಕತೆ ಅಲ್ಲಿಗೇ ಮುರಿಯುತ್ತದೆ. ಇದು ಅವರಿಗಾಗಿಯೋ ನನಗಾಗಿಯೋ ಎಂದು ನನ್ನನ್ನು ಕೇಳಬೇಡ, ನನಗೇ ಗೊತ್ತಿಲ್ಲ. ಪತ್ರ ನಿನ್ನ ಹತ್ತಿರ ಭದ್ರವಾಗಿರಲಿ. ಅವರ ಕೆಲಸ ಅವರಿಗೆ ಸಿಕ್ಕ ಮೇಲೆ ನೀನು ಯಾರಿಗೆ ಬೇಕಾದರೂ ತೋರಿಸು. ಅಲ್ಲಿಯ ತನಕ ಊರಿಗೆ ಬರಬೇಡ.